ಸ್ಪೋರ್ಟ್ಸ್ ಸೆಡಾನ್‌ನಲ್ಲಿ ಮೊದಲ ಟ್ರ್ಯಾಕ್ ದಿನ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಸ್ಪೋರ್ಟ್ಸ್ ಸೆಡಾನ್ ಕೊಳ್ಳುವವರು ಎಂಜಿನ್‌ನ ಬಲ ನೋಡಿ ಮನಸೋಲುತ್ತಾರೆ. ಟ್ರ್ಯಾಕ್ ದಿನ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ಗೆ ಇಳಿಸಿ ಓಡಿಸುವ ದಿನ, ಮೊದಲು ಸೋಲುವುದು ಬ್ರೇಕ್. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಚಾಲಕ, ಪೆಟ್ರೋಲ್ ಎಲ್ಲ ಸೇರಿ 1,600 ಕೆಜಿ ತೂಗುವ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಬೇಕಾದರೆ ಸುಮಾರು 12 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ಅದರಲ್ಲಿ ಬಹುಪಾಲು ಶಾಖವಾಗಿ ಬ್ರೇಕ್ ಡಿಸ್ಕ್‌ಗೆ ಹೋಗುತ್ತದೆ. ಅದೇ ಕಾರು 200ರಿಂದ 80ಕ್ಕೆ ಇಳಿಯಬೇಕಾದರೆ 20 ಲಕ್ಷ ಜೂಲ್ ದಾಟುತ್ತದೆ. ವೇಗ ಹೆಚ್ಚಿದ್ದು ಕಾಲು ಭಾಗ, ಶಾಖ ಹೆಚ್ಚಿದ್ದು ಮುಕ್ಕಾಲು ಭಾಗ. ಹೆದ್ದಾರಿಯಲ್ಲಿ ಇಂಥ ಬ್ರೇಕ್ ಅಪರೂಪಕ್ಕೊಮ್ಮೆ ಬೀಳುತ್ತದೆ. ಟ್ರ್ಯಾಕ್‌ನಲ್ಲಿ ಪ್ರತಿ ಲ್ಯಾಪ್‌ಗೆ ನಾಲ್ಕೈದು ಸಲ ಬೀಳುತ್ತದೆ, ನಡುವೆ ತಣಿಯಲು ಕೆಲವೇ ಸೆಕೆಂಡು ಸಿಗುತ್ತವೆ.

ಹಗುರವಾದ ಎರಡು ಸೀಟಿನ ಕಾರು ಈ ಶಾಖವನ್ನು ಹೇಗೋ ತಾಳಿಕೊಳ್ಳುತ್ತದೆ. ಸೆಡಾನ್ ಭಾರದ ಕಾರು, ಜೊತೆಗೆ ಎಂಜಿನ್‌ಗೆ ಬಲವಿರುವುದರಿಂದ ನೇರ ಭಾಗದ ಕೊನೆಗೆ ಬೇಗ ವೇಗ ಪಡೆಯುತ್ತದೆ. ಹಾಗಾಗಿ ತಯಾರಿಯೂ ಕಲಿಕೆಯೂ ಬ್ರೇಕ್‌ನಿಂದಲೇ ಶುರುವಾಗಬೇಕು.

ಎರಡು ವಾರ ಮೊದಲು: ಬ್ರೇಕ್

ಮೊದಲು ಬದಲಿಸಬೇಕಾದದ್ದು ಬ್ರೇಕ್ ಆಯಿಲ್. ಟ್ರ್ಯಾಕ್‌ಗೆಂದು ಒಂದೇ ಒಂದು ಖರ್ಚು ಮಾಡುವುದಾದರೆ ಅದನ್ನು ಇಲ್ಲಿ ಮಾಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ರೇಸಿಂಗ್‌ಗೆಂದೇ ತಯಾರಾದ ಆಯಿಲ್‌ಗಳು ಹೊಸದಿರುವಾಗ 300 ಡಿಗ್ರಿ ದಾಟಿಯೂ ಕುದಿಯದೆ ನಿಲ್ಲುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಿಸಬೇಕು. ಒಂದು ಎಚ್ಚರಿಕೆ: ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಡಾಟ್ 5.1ಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೆರೆಸಲೇಬಾರದು.

ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ಬದಲಿಸುವ ಕೆಲಸಕ್ಕೆ ಒಂದು ಲೀಟರ್ ಆಯಿಲ್ ಸಾಕು. ಇಬ್ಬರು ಸೇರಿ ಮಾಡುವುದಾದರೆ ಕ್ರಮ ಹೀಗೆ:

1. ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯಲ್ಲಿರುವ ಹಳೆಯದನ್ನು ಸಿರಿಂಜ್‌ನಿಂದ ಆದಷ್ಟು ತೆಗೆದು ಹೊಸದನ್ನು ತುಂಬಿ.
2. ಯಾವ ಚಕ್ರದಿಂದ ಶುರುಮಾಡಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ಆಯಿಲ್ ಡಬ್ಬಿಗೆ ಅತಿ ದೂರದ ಚಕ್ರ ಮೊದಲು ಎಂಬ ರೂಢಿ ಇದ್ದರೂ ಎಲ್ಲ ಕಾರಿಗೂ ಅದು ಹೊಂದುವುದಿಲ್ಲ.
3. ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್‌ಗೆ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿಸಿ.
4. ಒಳಗೆ ಕುಳಿತವರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಹೊರಗಿನವರು ನಿಪ್ಪಲ್ ಕಾಲು ಸುತ್ತು ಸಡಿಲಿಸಿ ಆಯಿಲ್ ಹರಿದ ಮೇಲೆ ಬಿಗಿಯಬೇಕು. ಬಿಗಿದ ನಂತರವೇ ಕಾಲು ಎತ್ತಬೇಕು. ಈ ಸರದಿ ತಪ್ಪಿದರೆ ಗಾಳಿ ಒಳಗೆ ಸೇರುತ್ತದೆ.
5. ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುವವರೆಗೆ ಮುಂದುವರಿಸಿ. ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಚೆಲ್ಲಿದ ಆಯಿಲ್ ಬಣ್ಣವನ್ನು ತಿನ್ನುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ. ಕೈ ಪಳಗದಿದ್ದರೆ ಈ ಕೆಲಸವನ್ನು ಒಳ್ಳೆಯ ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಪ್ಯಾಡ್ ಹೊಸದಿದ್ದಾಗ ಎಷ್ಟು ದಪ್ಪವಿತ್ತೋ ಅದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ತೆಳುವಾದ ಪ್ಯಾಡ್ ಬೇಗ ಸವೆಯುವುದು ಒಂದು ಸಮಸ್ಯೆ. ಡಿಸ್ಕ್‌ನ ಶಾಖವನ್ನು ಪಿಸ್ಟನ್‌ಗೂ ಆಯಿಲ್‌ಗೂ ಬೇಗ ದಾಟಿಸುವುದು ಅದಕ್ಕಿಂತ ದೊಡ್ಡದು. ಕಂಪನಿ ಪ್ಯಾಡ್‌ನಲ್ಲೇ ಮೊದಲ ದಿನ ಕಳೆಯಬಹುದು, ಆದರೆ ಮೂರು ನಾಲ್ಕು ವೇಗದ ಲ್ಯಾಪ್‌ಗೆ ಒಂದು ತಣಿಸುವ ಲ್ಯಾಪ್ ಹಾಕಬೇಕಾಗುತ್ತದೆ. ಟ್ರ್ಯಾಕ್‌ಗೂ ರಸ್ತೆಗೂ ಹೊಂದುವ ಪ್ಯಾಡ್ ಹಾಕಿಸಿಕೊಂಡರೆ ಅದನ್ನು ಮೊದಲೇ ಪಳಗಿಸಿ. ಖಾಲಿ, ಸುರಕ್ಷಿತ ಜಾಗದಲ್ಲಿ ಗಂಟೆಗೆ 100 ಕಿ.ಮೀ.ಯಿಂದ 20ರವರೆಗೆ ಗಟ್ಟಿಯಾಗಿ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪ್ಯಾಡ್ ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಪಳಗಿಸದ ಪ್ಯಾಡ್ ಡಿಸ್ಕ್‌ನ ಮೇಲೆ ಒಂದೇ ಸಮನಾಗಿ ಕೂರುವುದಿಲ್ಲ. ಆಮೇಲೆ ಪ್ರತಿ ಬ್ರೇಕ್‌ಗೂ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬಾಗಿದೆ ಎಂದು ಜನ ತಪ್ಪು ತಿಳಿಯುತ್ತಾರೆ.

ಡಿಸ್ಕ್‌ನಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳಿದ್ದರೆ ಗಾಬರಿ ಬೇಡ. ಬಿರುಕು ಅಂಚಿನವರೆಗೆ ಹೋಗಿದ್ದರೆ ಅಥವಾ ಉಗುರಿಗೆ ಸಿಗುವಷ್ಟು ಆಳವಿದ್ದರೆ ಆ ಡಿಸ್ಕ್ ಟ್ರ್ಯಾಕ್‌ಗೆ ಬೇಡ.

ಟೈರ್, ಗಾಳಿ, ನಟ್

ಮೊದಲ ದಿನಕ್ಕೆ ರಸ್ತೆಯ ಒಳ್ಳೆಯ ಟೈರೇ ಸೂಕ್ತ. ಹಿಡಿತ ಬಿಡುವ ಮುನ್ನ ಅದು ಕಿರುಗುಟ್ಟುತ್ತದೆ, ನಿಧಾನವಾಗಿ ಜಾರುತ್ತದೆ, ಹೊಸಬರಿಗೆ ಎಚ್ಚರಿಸುತ್ತದೆ. ರೇಸಿಂಗ್‌ನ ಮೆತ್ತನೆಯ ಟೈರ್ ಹಿಡಿತ ಹೆಚ್ಚು ಕೊಟ್ಟರೂ ಆ ಎಚ್ಚರಿಕೆಯನ್ನು ಕಡಿಮೆ ಕೊಡುತ್ತದೆ, ತಪ್ಪುಗಳನ್ನು ಮುಚ್ಚಿಡುತ್ತದೆ. ಪಕ್ಕದ ಗೋಡೆಯಲ್ಲಿ ಉಬ್ಬು, ಸೀಳು, ತೇಪೆ ಇರುವ ಟೈರ್ ಬೇಡವೇ ಬೇಡ.

ಟೈರಿನೊಳಗಿನ ಗಾಳಿ ಪ್ರತಿ 10 ಡಿಗ್ರಿ ಬಿಸಿಯೇರಿದಂತೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. 25 ಡಿಗ್ರಿಯಲ್ಲಿ ತುಂಬಿದ ಗಾಳಿ 70ಕ್ಕೆ ಹೋದರೆ ಏಳೆಂಟು ಪಿಎಸ್‌ಐ ಹೆಚ್ಚಾಯಿತು ಎಂದೇ ಅರ್ಥ. ಆದ್ದರಿಂದ ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರುವುದು ಬಿಸಿಯಾದಾಗಿನ ಒತ್ತಡ. ಬೆಳಿಗ್ಗೆ ಕಾರಿನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುವ ಒತ್ತಡಕ್ಕೆ ತುಂಬಿ. ಮೊದಲ ಸೆಷನ್ (ಒಮ್ಮೆ ಟ್ರ್ಯಾಕ್‌ಗೆ ಇಳಿದು ಓಡಿಸುವ ಅವಧಿ) ಮುಗಿಸಿ ಬಂದ ಎರಡು ನಿಮಿಷದೊಳಗೆ ನಾಲ್ಕೂ ಚಕ್ರ ಅಳೆದು ಬರೆದಿಡಿ. ರಸ್ತೆ ಟೈರ್ ಹಾಕಿದ ಬಹಳಷ್ಟು ಸೆಡಾನ್‌ಗಳಿಗೆ ಬಿಸಿಯಲ್ಲಿ 36ರಿಂದ 38 ಪಿಎಸ್‌ಐ ಸಮಂಜಸ ಆರಂಭ. ಕಂಪನಿ ಟ್ರ್ಯಾಕ್‌ಗೆಂದೇ ಅಂಕಿ ಕೊಟ್ಟಿದ್ದರೆ ಅದಕ್ಕೇ ಮನ್ನಣೆ. ಹೆಚ್ಚಿದ್ದಷ್ಟು ಗಾಳಿಯನ್ನು ಹೊರಬಿಡಿ. ತೀರಾ ಕಡಿಮೆ ಮಾಡಿದರೆ ಟೈರ್ ತಿರುವಿನಲ್ಲಿ ಹೊರಳಿ ಪಕ್ಕದ ಗೋಡೆಯ ಮೇಲೆ ನಡೆಯುತ್ತದೆ. ಟೈರಿನ ಅಂಚಿನಿಂದ ಪಕ್ಕದ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ, ಸೆಷನ್ ಆದಮೇಲೆ ಎಲ್ಲಿಯವರೆಗೆ ಉಜ್ಜಿಹೋಗಿದೆ ಎಂದು ನೋಡಿ ಹೊರಳುವಿಕೆ ಅಳೆಯಬಹುದು. ಅಂಚಿನ ಸಣ್ಣ ತ್ರಿಕೋನದ ಗುರುತು ದಾಟಿ ಗೆರೆ ಅಳಿಸಿದ್ದರೆ ಗಾಳಿ ಕಡಿಮೆಯಾಗಿದೆ.

ಚಕ್ರದ ನಟ್‌ಗಳನ್ನು ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. 12 ಮಿ.ಮೀ. ಬೋಲ್ಟ್‌ಗೆ 100–120 ನ್ಯೂಟನ್ ಮೀಟರ್, 14 ಮಿ.ಮೀ.ಗೆ 120–160 ಸಾಮಾನ್ಯ. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿದೆ. ನಕ್ಷತ್ರದಂತೆ ಎದುರುಬದುರು ಬಿಗಿಯಬೇಕು. ಮೊದಲ ಸೆಷನ್ ಮುಗಿದು ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಎಂಜಿನ್

ಇದರಲ್ಲಿ ತಲೆಕೆಡಿಸಿಕೊಳ್ಳುವುದು ಕಡಿಮೆ. ಎಂಜಿನ್ ಆಯಿಲ್ ಮೇಲಿನ ಗೆರೆಯಲ್ಲಿರಲಿ, ಅದನ್ನು ದಾಟದಿರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್‌ನ ಬಾಯಿಗೆ ಸಿಗದೆ ಹೋದರೆ ಬೇರಿಂಗ್ ಒಣಗುತ್ತದೆ. ಪೆಟ್ರೋಲ್‌ಗೂ ಅದೇ ಮಾತು, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಆಯಿಲ್ ತಾಪ ತೋರಿಸುವ ಮೀಟರ್ ಇದ್ದರೆ ಪ್ರತಿ ನೇರ ಭಾಗದಲ್ಲಿ ಒಂದು ಕಣ್ಣು ಹಾಯಿಸಿ. 130 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ವೇಗ ಇಳಿಸಿ. ವಿದ್ಯುತ್ ಸೆಡಾನ್ ಆದರೆ ಬ್ಯಾಟರಿ ಬಿಸಿಯಾಗಿ ಕೆಲವೇ ಲ್ಯಾಪ್‌ಗಳಲ್ಲಿ ಬಲ ತಗ್ಗಬಹುದು, ಆಗ ಬ್ಯಾಟರಿಗೆ ಚಾರ್ಜ್ ತುಂಬುತ್ತ ವೇಗ ಇಳಿಸುವ ಮೋಟಾರ್ ಬ್ರೇಕಿಂಗ್ ಕೂಡ ಬದಲಾಗುತ್ತದೆ. ಪೆಡಲ್‌ಗೆ ಹಿಂದಿನ ಲ್ಯಾಪ್‌ನ ಉತ್ತರವೇ ಸಿಗುತ್ತದೆ ಎಂದು ನಂಬಬೇಡಿ.

ಬೆಳಿಗ್ಗೆ ಪ್ಯಾಡಕ್‌ನಲ್ಲಿ

ಪ್ಯಾಡಕ್ ಎಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರುಗಳನ್ನು ನಿಲ್ಲಿಸಿ ಸಿದ್ಧಪಡಿಸುವ ಜಾಗ. ಅಲ್ಲಿ ಕಾರನ್ನು ಖಾಲಿ ಮಾಡಿ. ನೆಲದ ಮ್ಯಾಟ್ ಮೊದಲು ಹೊರಗೆ ಬರಲಿ, ಅದು ಸರಿದು ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಅನಾಹುತ. ಸ್ಟೆಪ್ನಿ, ಜಾಕ್, ನೀರಿನ ಬಾಟಲಿ, ಡಿಕ್ಕಿಯಲ್ಲಿನ ಚೀಲ, ಬಾಗಿಲ ಜೇಬಿನ ನಾಣ್ಯ, ಹೋಲ್ಡರ್‌ನಲ್ಲಿ ನಿಂತ ಫೋನ್, ಎಲ್ಲವೂ ಹೊರಗೆ. ಬ್ರೇಕ್ ಒತ್ತಿದಾಗ ಒಂದು ಬಾಟಲಿ ಉರುಳಿ ಪೆಡಲ್ ಹಿಂದೆ ಹೋಗಲು ಒಂದು ಸೆಕೆಂಡು ಸಾಕು. ಎಳೆಯುವ ಕೊಕ್ಕೆಯನ್ನು ಬಂಪರ್‌ಗೆ ತಿರುಗಿಸಿ ಹಾಕಿಡಿ. ಮರಳಿನಲ್ಲಿ ಸಿಕ್ಕಿಕೊಂಡಾಗ ಅದನ್ನು ಹುಡುಕುತ್ತ ಕೂರಲಾಗದು.

ಹೆಲ್ಮೆಟ್ ಅದರ ಸುರಕ್ಷತೆ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ದರ್ಜೆಯದ್ದಾದರೆ ಒಳ್ಳೆಯದು. ಬೈಕ್‌ಗೆಂದು ಮಾಡಿದ ಎಂ ದರ್ಜೆಯಲ್ಲಿಲ್ಲದ ಬೆಂಕಿ ತಾಳುವ ಪರೀಕ್ಷೆ ಎಸ್‌ಎಯಲ್ಲಿದೆ. ಯಾವುದನ್ನು ಒಪ್ಪುತ್ತಾರೆ ಎಂಬುದನ್ನು ಆಯೋಜಕರಲ್ಲಿ ಮೊದಲೇ ಕೇಳಿ. ತುಂಬುತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟ್, ತೆಳು ಅಟ್ಟೆಯ ಮುಚ್ಚಿದ ಶೂ ಇರಲಿ. ಸಿಂಥೆಟಿಕ್ ಬಟ್ಟೆ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಜೊತೆಗೆ ಗಾಳಿ ಅಳೆಯುವ ಗೇಜ್, ಗಾಳಿ ತುಂಬುವ ಪಂಪ್, ಟಾರ್ಕ್ ವ್ರೆಂಚ್, ಎಂಜಿನ್ ಆಯಿಲ್ ಒಂದು ಲೀಟರ್, ಮುಚ್ಚಳ ತೆರೆಯದ ಬ್ರೇಕ್ ಆಯಿಲ್ ಡಬ್ಬಿ, ಟಾರ್ಚ್, ಬಟ್ಟೆ ಚೂರು, ಒಂದು ನೋಟ್‌ಬುಕ್, ಬೇಕಾದಷ್ಟು ಕುಡಿಯುವ ನೀರು ಒಯ್ಯಿರಿ. ರಸ್ತೆಯ ವಾಹನ ವಿಮೆಗಳಲ್ಲಿ ಬಹಳಷ್ಟು ಟ್ರ್ಯಾಕ್‌ನಲ್ಲಾದ ಹಾನಿಯನ್ನು ಭರಿಸುವುದಿಲ್ಲ. ಷರತ್ತುಗಳನ್ನು ಓದಿಯೇ ಹೊರಡಿ.

ಕೂರುವ ರೀತಿ

ಹೆಲ್ಮೆಟ್ ಹಾಕಿಕೊಂಡೇ ಸೀಟ್ ಹೊಂದಿಸಿ. ಬ್ರೇಕ್ ಪೆಡಲನ್ನು ಪೂರ್ತಿ ಬಲದಲ್ಲಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು. ಭುಜ ಸೀಟಿಗೆ ಆತುಕೊಂಡಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿನ ಮೇಲೆ ಕೂರಬೇಕು. ಇಷ್ಟಾದರೆ ಎರಡೂ ಪಕ್ಕ ಹಿಡಿದಾಗ ಮೊಣಕೈ ಮಡಿಚಿರುತ್ತದೆ, ತಿರುಗಿಸಲು ಭುಜ ಎತ್ತಬೇಕಾಗಿಲ್ಲ. ರಸ್ತೆಯಲ್ಲಿ ಕೂರುವುದಕ್ಕಿಂತ ಇದು ಹತ್ತಿರವೆನಿಸುತ್ತದೆ, ಅದೇ ಸರಿ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಎಡಗಾಲನ್ನು ಫುಟ್‌ರೆಸ್ಟ್‌ಗೆ ಒತ್ತಿ ಮೈಯನ್ನು ಸೀಟಿನಲ್ಲಿ ನಿಲ್ಲಿಸಿಕೊಳ್ಳಿ. ಸ್ಟೀರಿಂಗ್ ಹಿಡಿದು ಜೋತುಬೀಳುವ ಕೈಗೆ ಮುಂದಿನ ಟೈರಿನ ಸುದ್ದಿ ತಿಳಿಯುವುದಿಲ್ಲ.

ಬಾವುಟ ಮತ್ತು ಓವರ್‌ಟೇಕ್

ಹಳದಿ ಎಂದರೆ ಮುಂದೆ ಅಪಾಯ, ವೇಗ ಇಳಿಸಿ, ಯಾರನ್ನೂ ದಾಟಬೇಡಿ. ಕೆಂಪು ಎಂದರೆ ಸೆಷನ್ ನಿಂತಿದೆ. ಕನ್ನಡಿಯಲ್ಲಿ ಹಿಂದೆ ನೋಡಿಕೊಂಡು ವೇಗ ಇಳಿಸಿ, ಪಿಟ್‌ಗೆ (ಟ್ರ್ಯಾಕ್ ಬಿಟ್ಟು ಕಾರು ನಿಲ್ಲಿಸುವ ಜಾಗ) ಬರಬೇಕೋ ಅಲ್ಲೇ ಪಕ್ಕಕ್ಕೆ ನಿಲ್ಲಬೇಕೋ ಎಂಬುದನ್ನು ಬೆಳಗಿನ ಸಭೆಯಲ್ಲಿ ಹೇಳಿದಂತೆ ಮಾಡಿ. ಕಪ್ಪು ನಿಮ್ಮತ್ತ ತೋರಿಸಿದರೆ ಪಿಟ್‌ಗೆ ಬನ್ನಿ. ನಡುವೆ ಕಿತ್ತಳೆ ವೃತ್ತವಿರುವ ಕಪ್ಪು ಬಾವುಟ ನಿಮ್ಮ ಕಾರಿನಲ್ಲೇನೋ ಕೆಟ್ಟಿದೆ ಎನ್ನುತ್ತದೆ. ಹಳದಿ-ಕೆಂಪು ಪಟ್ಟೆ ಇದ್ದರೆ ಮುಂದೆ ಆಯಿಲ್, ನೀರು ಅಥವಾ ಮಣ್ಣಿನಿಂದ ನೆಲ ಜಾರುತ್ತಿದೆ. ನೀಲಿ ಎಂದರೆ ಹಿಂದೆ ವೇಗದ ಕಾರು ಬಂದಿದೆ. ಚೌಕುಳಿ ಬಾವುಟ ಸೆಷನ್ ಮುಗಿಯಿತೆಂದು ಹೇಳುತ್ತದೆ. ಸಣ್ಣಪುಟ್ಟ ವ್ಯತ್ಯಾಸ ಪ್ರತಿ ಟ್ರ್ಯಾಕ್‌ನಲ್ಲೂ ಇರುತ್ತದೆ, ಹಾಗಾಗಿ ಆ ಸಭೆಯನ್ನು ತಪ್ಪಿಸಬೇಡಿ. ಬಾವುಟ ಹಿಡಿದ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಎಂಬುದನ್ನು ಮೊದಲ ನಿಧಾನದ ಲ್ಯಾಪ್‌ನಲ್ಲೇ ಗುರುತಿಸಿಕೊಳ್ಳಿ.

ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ನೇರ ಭಾಗದಲ್ಲಿ ಮಾತ್ರ, ಮುಂದಿನವರು ಕೈಸನ್ನೆ ಕೊಟ್ಟ ಮೇಲೆ ದಾಟಲು ಬಿಡುತ್ತಾರೆ. ನೀವು ದಾರಿ ಬಿಡುವಾಗ ಇದ್ದ ದಾರಿಯಲ್ಲೇ ಇರಿ, ಯಾವ ಪಕ್ಕದಿಂದ ಬರಲಿ ಎಂದು ಕೈ ಹೊರಗೆ ಚಾಚಿ ತೋರಿಸಿ, ಆಮೇಲೆ ಆಕ್ಸಿಲರೇಟರ್ ಸ್ವಲ್ಪ ಬಿಡಿ. ಈ ಕೊನೆಯದನ್ನು ಬಲವಾದ ಕಾರಿನವರು ಮರೆಯುತ್ತಾರೆ. ಹಿಂದಿನ ಹಗುರ ಕಾರು ತಿರುವಿನಲ್ಲಿ ನಿಮಗಿಂತ ಚುರುಕು, ಆದರೆ ನೇರ ಭಾಗದಲ್ಲಿ ನೀವು ಪೂರ್ತಿ ಒತ್ತಿ ಹಿಡಿದರೆ ಅದು ದಾಟಲಾಗದು. ಇಬ್ಬರೂ ಒಟ್ಟಿಗೆ ಬ್ರೇಕ್ ಜಾಗಕ್ಕೆ ತಲುಪುವುದು ದಿನದ ಅತಿ ಅಪಾಯದ ಘಳಿಗೆ.

ಮೊದಲ ಸೆಷನ್: ಕಣ್ಣಿನ ಕೆಲಸ

ಸೆಷನ್ ಸಾಮಾನ್ಯವಾಗಿ 20 ನಿಮಿಷ. ಮೊದಲನೆಯದರಲ್ಲಿ ವೇಗದ ಆಸೆ ಬಿಟ್ಟು, ಎಂಜಿನ್ ಬಲದ ಅರ್ಧದಷ್ಟರಲ್ಲೇ ಓಡಿಸಿ. ಕಾರು ಜಾರದಂತೆ ತಿದ್ದುವ ಇಎಸ್‌ಸಿ ವ್ಯವಸ್ಥೆ ಆನ್ ಇರಲಿ. ಆಟೋಮ್ಯಾಟಿಕ್ ಗೇರ್ ಆದರೆ ಸ್ಪೋರ್ಟ್ ಮೋಡ್‌ನಲ್ಲಿಟ್ಟು ಗೇರಿನ ಯೋಚನೆ ಕಾರಿಗೇ ಬಿಡಿ. ಕೈಗೇರ್ ಆದರೆ ಒಂದೆರಡು ಗೇರ್‌ನಲ್ಲೇ ಇಡೀ ಲ್ಯಾಪ್ ಸುತ್ತಿ. ತಲೆಯಲ್ಲಿ ಜಾಗ ಉಳಿಯಬೇಕು, ದಾರಿ ಕಲಿಯುವುದಕ್ಕೆ.

160 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 44 ಮೀಟರ್ ಹೋಗುತ್ತದೆ. ಬಾನೆಟ್ ಮುಂದಿನ 30 ಮೀಟರ್ ನೋಡುವವರು ಆಗಲೇ ನಡೆದುಹೋದದ್ದನ್ನು ನೋಡುತ್ತಿದ್ದಾರೆ. ಬ್ರೇಕ್ ಹಾಕುತ್ತಿರುವಾಗ ಕಣ್ಣು ತಿರುಗುವ ಜಾಗಕ್ಕೆ, ತಿರುಗಿಸುವಾಗ ಒಳಂಚಿಗೆ, ಒಳಂಚು ಮುಟ್ಟುವ ಮುನ್ನವೇ ಹೊರಹೋಗುವ ಜಾಗಕ್ಕೆ ಹೋಗಿರಬೇಕು. ಬೇಕಾದರೆ ಪಕ್ಕದ ಗಾಜಿನಿಂದಾಚೆ ನೋಡಿ, ತಲೆಯನ್ನೇ ತಿರುಗಿಸಿ. ಕೈ ಕಣ್ಣು ನೋಡಿದತ್ತಲೇ ಹೋಗುತ್ತದೆ. ಗೋಡೆಯನ್ನು ದಿಟ್ಟಿಸಿದವರು ಗೋಡೆಗೇ ಹೋಗುತ್ತಾರೆ.

ಪ್ರತಿ ತಿರುವಿಗೂ ಮೂರು ಗುರುತು ಹುಡುಕಿಕೊಳ್ಳಿ. ಬ್ರೇಕ್ ಶುರುಮಾಡುವ ಗುರುತು, ತಿರುಗಿಸುವ ಗುರುತು, ಹೊರಹೋಗುವಾಗ ಗುರಿಯಿಡುವ ಗುರುತು. ಅವು ಜಾಗ ಬಿಟ್ಟು ಕದಲಬಾರದು: ದೂರ ತೋರಿಸುವ ಫಲಕ, ನೆಲದ ತೇಪೆ, ಟ್ರ್ಯಾಕ್ ಅಂಚಿನ ಬಣ್ಣದ ಕರ್ಬ್‌ನ ಶುರು. ನೆರಳು, ಕೋನ್, ನಿಂತ ವಾಹನ ನಂಬಬೇಡಿ. ಸೆಷನ್ ಮುಗಿದ ಕೂಡಲೇ ಟ್ರ್ಯಾಕ್‌ನ ನಕ್ಷೆ ಬರೆದು ಗುರುತುಗಳನ್ನು ತುಂಬಿ. ಯಾವ ತಿರುವಿಗೆ ಬರೆಯಲು ಏನೂ ನೆನಪಾಗುವುದಿಲ್ಲವೋ ಮುಂದಿನ ಸೆಷನ್‌ನಲ್ಲಿ ಅಲ್ಲಿ ನಿಧಾನಿಸಿ ನೋಡಿ.

ಬ್ರೇಕ್ ಒತ್ತುವ ಕ್ರಮ

ರಸ್ತೆಯಲ್ಲಿ ನಾವು ಮೆಲ್ಲಗೆ ಶುರುಮಾಡಿ ಕೊನೆಗೆ ಜೋರಾಗಿ ಒತ್ತುತ್ತೇವೆ. ಟ್ರ್ಯಾಕ್‌ನಲ್ಲಿ ಕ್ರಮ ತಿರುವುಮುರುವು: ಮೊದಲೇ ಗಟ್ಟಿಯಾಗಿ, ಕೊನೆಗೆ ಮೆಲ್ಲಗೆ. ಗಟ್ಟಿ ಎಂದರೆ ಗುದ್ದುವುದೆಂದಲ್ಲ. ಕಾರಿನ ತೂಕ ಮುಂದಕ್ಕೆ ಬರಲು ಅರ್ಧ ಸೆಕೆಂಡು ಕೊಟ್ಟು ಹಿಂಡಿದಂತೆ ಒತ್ತಬೇಕು. 1,600 ಕೆಜಿಯ ಕಾರಿಗೆ ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿ, ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2.8 ಮೀಟರ್ ಎಂದಿಟ್ಟುಕೊಳ್ಳಿ. 1 ಜಿ, ಅಂದರೆ ಕಾರಿನ ತೂಕದಷ್ಟೇ ಬಲದಲ್ಲಿ ನಿಲ್ಲಿಸುವಾಗ ಸುಮಾರು 285 ಕೆಜಿ ತೂಕ ಹಿಂದಿನ ಚಕ್ರಗಳಿಂದ ಮುಂದಿನವಕ್ಕೆ ದಾಟುತ್ತದೆ. ಆ ತೂಕ ಬಂದು ಕೂತ ಮೇಲೆಯೇ ಮುಂದಿನ ಟೈರ್‌ಗೆ ಪೂರ್ತಿ ಹಿಡಿತ. ಅದಕ್ಕೂ ಮುಂಚೆ ಗುದ್ದಿದರೆ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಬೇಗ ಎದ್ದು ಪೆಡಲ್ ಗುರುಗುಟ್ಟುತ್ತದೆ.

ಹಿಂದೆ ಹಗುರಾದ ಚಕ್ರಗಳ ಮಾತೂ ಇದೆ. ಬ್ರೇಕ್ ಗಟ್ಟಿಯಾಗಿ ಒತ್ತಿರುವಾಗ ಸ್ಟೀರಿಂಗ್ ತಿರುಗಿಸಿದರೆ, ಅಥವಾ ತಿರುವಿನ ನಡುವೆ ಪೆಡಲನ್ನು ಥಟ್ಟನೆ ಒತ್ತಿದರೆ, ಹಿಂಭಾಗ ಮುಂದೆ ಬರಲು ಹವಣಿಸುತ್ತದೆ. ಆದ್ದರಿಂದ ಮೊದಲ ದಿನ ಬ್ರೇಕ್ ಪೂರ್ತಿ ನೇರ ಗೆರೆಯಲ್ಲೇ ಮುಗಿಯಲಿ. ಪೆಡಲ್ ಬಿಡುವುದೂ ಒಂದು ಕೆಲಸವೇ, ಒಮ್ಮೆಲೇ ಬಿಟ್ಟರೆ ಮೂಗು ಮೇಲೆದ್ದು ತಿರುಗಿಸುವ ಹೊತ್ತಿಗೆ ಮುಂದಿನ ಟೈರ್ ಹಗುರಾಗಿರುತ್ತದೆ. ಒಂದೆರಡು ಸೆಕೆಂಡಿನಲ್ಲಿ ನಯವಾಗಿ ಬಿಡಿ. ಬ್ರೇಕ್ ಹಿಡಿದೇ ತಿರುವಿನೊಳಗೆ ಹೋಗುವ ವಿದ್ಯೆಗೆ ತಳಹದಿ ಇದೇ, ಅದಕ್ಕೆ ಅವಸರ ಬೇಡ.

ಎಲ್ಲಿ ಶುರುಮಾಡಬೇಕು? 160ರಿಂದ 80ಕ್ಕೆ ಇಳಿಯಲು 0.9 ಜಿ ಬಲದಲ್ಲಿ ಸುಮಾರು 84 ಮೀಟರ್ ಬೇಕು. ಹೊಸಬರು ಸಾಮಾನ್ಯವಾಗಿ ಒತ್ತುವ 0.6 ಜಿಯಲ್ಲಿ 126 ಮೀಟರ್. ಅಂದರೆ ತಿರುವಿಗೆ 150 ಮೀಟರ್ ಇದೆ ಎನ್ನುವ ಫಲಕದಲ್ಲಿ ಶುರುಮಾಡಿದರೆ ಬೇಕಾದಷ್ಟು ಉಳಿತಾಯವಿದೆ. ಮೊದಲು ಅಲ್ಲೇ, ಆದರೆ ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ ಒತ್ತುವುದನ್ನು ಕಲಿಯಿರಿ. ತಿರುವಿಗೆ ಮುಂಚೆ ತೀರಾ ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗಿ ಬಂದಾಗ ಮಾತ್ರ ಗುರುತನ್ನು ಐದು ಮೀಟರ್ ಮುಂದೆ ಸರಿಸಿ. ಗುರುತನ್ನು ಮೊದಲು ಮುಂದೊಯ್ದು ಆಮೇಲೆ ಗಾಬರಿಯಿಂದ ಒತ್ತುವುದು ಹೊಸಬರ ಸಾಮಾನ್ಯ ತಪ್ಪು. ಅದರಿಂದ ತಿರುಗುವ ಜಾಗ ತಪ್ಪುತ್ತದೆ, ಅದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಗೇರ್ ಇಳಿಸುವುದು ವೇಗ ಇಳಿದ ಮೇಲೆ. ಐದರಿಂದ ನಾಲ್ಕಕ್ಕೆ ಹಾಕುವ ಅವಸರದಲ್ಲಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ ಅನ್ನು ಮಿತಿ ಮೀರಿ ತಿರುಗಿಸುತ್ತವೆ, ಎಂಜಿನ್ ಸುತ್ತುವ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಅದನ್ನು ತಡೆಯಲಾರದು. ವಾಲ್ವ್‌ಗಳು ಬಾಗಬಹುದು. ಗೇರ್ ಕಡ್ಡಿಯನ್ನು ಅಂಗೈಯಲ್ಲಿ ಹಗುರವಾಗಿ ತಳ್ಳಿ, ಮುಷ್ಟಿಯಲ್ಲಿ ಎಳೆಯಬೇಡಿ.

ಬ್ರೇಕ್ ಸೋಲುವುದರಲ್ಲಿ ಎರಡು ಬಗೆ, ಕಾಲಿಗೇ ವ್ಯತ್ಯಾಸ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಮಿತಿ ದಾಟಿ ಬಿಸಿಯಾಗಿದೆ. ಪೆಡಲ್ ಮೆತ್ತಗಾಗಿ ಉದ್ದಕ್ಕೆ ಇಳಿದರೆ ಆಯಿಲ್ ಕುದಿದಿದೆ. ಮೊದಲನೆಯದಕ್ಕೆ ಒಂದೆರಡು ತಣಿಸುವ ಲ್ಯಾಪ್ ಸಾಕು. ಎರಡನೆಯದು ಬಂದರೆ ಪೆಡಲನ್ನು ಬೇಗ ಬೇಗ ಒತ್ತಿ ಬಿಟ್ಟು ಒತ್ತಡ ಕಟ್ಟಿ, ಗೇರ್ ಇಳಿಸುತ್ತ ವೇಗ ತಗ್ಗಿಸಿ, ಪಿಟ್‌ಗೆ ಬನ್ನಿ. ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತೆಂದು ಹಾಗೇ ಹೊರಡಬೇಡಿ, ಗಾಳಿ ತೆಗೆದು ಹೊಸ ಆಯಿಲ್ ತುಂಬದೆ ಆ ಕಾರಿಗೆ ಅಂದು ಟ್ರ್ಯಾಕ್ ಮುಗಿಯಿತು.

ಸೆಡಾನ್‌ಗಳಲ್ಲಿ ಇನ್ನೊಂದು ಬಲೆ ಇದೆ. ತಿರುವಿನಲ್ಲಿ ಕಾರು ಜಾರತೊಡಗಿದಾಗ ಇಎಸ್‌ಸಿ ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಆಕ್ಸಿಲರೇಟರ್ ಬೇಗ ತುಳಿಯುವವರ ಕಾರಿನಲ್ಲಿ ಹಿಂದಿನ ಪ್ಯಾಡ್ ಎಣಿಸದಷ್ಟು ಸವೆಯುತ್ತದೆ. ಡ್ಯಾಶ್‌ಬೋರ್ಡ್‌ನ ದೀಪ ಪ್ರತಿ ತಿರುವಿಗೂ ಮಿನುಗುತ್ತಿದ್ದರೆ ನಿಮ್ಮ ಕಾಲಿನ ತಪ್ಪನ್ನು ಕಾರು ತಿದ್ದುತ್ತಿದೆ ಎಂದೇ ತಿಳಿಯಿರಿ. ಆ ದೀಪ ಮಿನುಗದಂತೆ ಒಂದು ಇಡೀ ಲ್ಯಾಪ್ ಸುತ್ತುವುದೇ ಮೊದಲ ದಿನಕ್ಕೆ ತಕ್ಕ ಗುರಿ.

ತಿರುವು

ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಎಂಬ ಮಾತು ಎಲ್ಲರಿಗೂ ಗೊತ್ತು. ಕಾರಣವೂ ಗೊತ್ತಿದ್ದರೆ ಹೊಸ ತಿರುವಿನಲ್ಲೂ ದಾರಿ ಕಂಡುಕೊಳ್ಳಬಹುದು. 0.9 ಜಿ ಹಿಡಿತವಿರುವ ಕಾರು 50 ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ ಸುಮಾರು 76 ಕಿ.ಮೀ. ಹೋಗಬಲ್ಲದು. ಟ್ರ್ಯಾಕ್‌ನ ಪೂರ್ತಿ ಅಗಲ ಬಳಸಿ ತ್ರಿಜ್ಯವನ್ನು 60 ಮೀಟರ್ ಮಾಡಿಕೊಂಡರೆ ಅದೇ ಹಿಡಿತದಲ್ಲಿ 83. ಹೊರ ಅಂಚಿನಲ್ಲಿ ಒಂದು ಕಾರಿನ ಅಗಲ ಬಿಟ್ಟು ತಿರುಗುವವರು ಈ ವೇಗವನ್ನು ಪುಕ್ಕಟೆ ಕಳೆದುಕೊಳ್ಳುತ್ತಾರೆ.

ಕಾರು ಒಳ ಅಂಚನ್ನು ಮುಟ್ಟುವ ಜಾಗವನ್ನು ಏಪೆಕ್ಸ್ ಎನ್ನುತ್ತಾರೆ. ಹೊಸಬರು ಬಹುತೇಕ ಎಲ್ಲರೂ ಬೇಗ ತಿರುಗಿಸಿ ಏಪೆಕ್ಸನ್ನು ಬೇಗ ಮುಟ್ಟುತ್ತಾರೆ. ಆಗ ಒಳಗೆ ಹೋಗುವುದು ಸಲೀಸಾಗಿರುತ್ತದೆ, ಹೊರಗೆ ಬರುವಾಗ ಟ್ರ್ಯಾಕ್ ಸಾಲುವುದಿಲ್ಲ. ಮಧ್ಯದಲ್ಲಿ ಮತ್ತೆ ಸ್ಟೀರಿಂಗ್ ಬಿಗಿಯಬೇಕಾಗುತ್ತದೆ, ಆಕ್ಸಿಲರೇಟರ್ ಬಿಡಬೇಕಾಗುತ್ತದೆ, ಹಿಂಭಾಗ ಹಗುರಾಗುತ್ತದೆ. ಹೆಚ್ಚಿನ ಸ್ಪಿನ್‌ಗಳ ಬೇರು ಇಲ್ಲಿದೆ. ಆದ್ದರಿಂದ ತಡೆದು ತಿರುಗಿಸಿ. ವೇಗ ಸ್ವಲ್ಪ ಹೆಚ್ಚಾಗಿಯೇ ಇಳಿಸಿ, ತಿರುವಿನ ಜ್ಯಾಮಿತಿಯ ಮಧ್ಯ ದಾಟಿದ ಮೇಲೆ ಏಪೆಕ್ಸ್ ಮುಟ್ಟಿ. ಅಲ್ಲಿಂದ ಮುಂದೆ ಸ್ಟೀರಿಂಗ್ ಬಿಚ್ಚುತ್ತ ಹೋಗಬಹುದು, ಬಿಚ್ಚಿದಷ್ಟು ಆಕ್ಸಿಲರೇಟರ್ ಒತ್ತಬಹುದು. ಬಲವಾದ ಸೆಡಾನ್‌ಗೆ ಈ ದಾರಿ ಇಮ್ಮಡಿ ಲಾಭ: ಎಂಜಿನ್‌ಗೆ ಕೆಲಸ ಮಾಡಲು ನೇರ ರಸ್ತೆ ಬೇಗ ಸಿಗುತ್ತದೆ, ಭಾರದ ಮೂಗನ್ನು ಎಳೆದಾಡುವ ಸಮಯ ಕಡಿಮೆಯಾಗುತ್ತದೆ.

ಸರಿಯೋ ತಪ್ಪೋ ಎಂದು ತಿಳಿಯುವ ಪರೀಕ್ಷೆ ಇದೆ. ಏಪೆಕ್ಸ್ ದಾಟಿದ ಮೇಲೆ ಸ್ಟೀರಿಂಗ್ ಇನ್ನೂ ಹೆಚ್ಚು ತಿರುಗಿಸಬೇಕಾಯಿತೇ? ಏಪೆಕ್ಸ್ ಬೇಗ ಆಯಿತು. ಹೊರ ಅಂಚಿಗೆ ತಲುಪುವ ಮೊದಲೇ ಕಾರು ನೇರವಾಗಿ, ಇನ್ನೂ ಎರಡು ಮೀಟರ್ ಟ್ರ್ಯಾಕ್ ಉಳಿಯಿತೇ? ತೀರಾ ತಡವಾಯಿತು, ಇಲ್ಲವೇ ವೇಗ ಇನ್ನೂ ಸೇರಿಸಬಹುದು. ಈ ಎರಡನೆಯ ತಪ್ಪು ಸುರಕ್ಷಿತ, ಅದರ ಕಡೆಯಿಂದಲೇ ತಿದ್ದಿಕೊಳ್ಳುತ್ತ ಬನ್ನಿ.

ಒಂದು ಟೈರಿನ ಹಿಡಿತ ಒಂದೇ ಜೇಬಿನ ಹಣದಂತೆ: ತಿರುಗಲು ಎಲ್ಲ ಖರ್ಚಾದರೆ ಬ್ರೇಕ್‌ಗೂ ಆಕ್ಸಿಲರೇಟರ್‌ಗೂ ಉಳಿಯುವುದಿಲ್ಲ. ಕೈ ತಿರುಗಿಸಿದಷ್ಟೂ ಕಾಲು ತಗ್ಗಬೇಕು, ಕೈ ಬಿಚ್ಚಿದಷ್ಟೂ ಕಾಲು ಒತ್ತಬಹುದು. ಹಿಂದಿನ ಚಕ್ರದ ಚಾಲನೆಯ ಕಾರಿನಲ್ಲಿ ಈ ಸಂಬಂಧ ಮುರಿದರೆ ಹಿಂಭಾಗ ಹೊರಗೆ ಹೋಗುತ್ತದೆ. ಮುಂದಿನ ಚಕ್ರದ ಚಾಲನೆಯಲ್ಲಿ ಮೂಗು ಹೊರಗೆ ತಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು ಹೊರಬರುವಾಗ ಕ್ಷಮಿಸುತ್ತದೆ, ಒಳಹೋಗುವಾಗ ಅಲ್ಲ, ಏಕೆಂದರೆ ಬ್ರೇಕ್ ಮತ್ತು ಸ್ಟೀರಿಂಗ್‌ಗೆ ಅದಕ್ಕೂ ಇರುವುದು ಅದೇ ನಾಲ್ಕು ಟೈರ್, ತೂಕ ಮಾತ್ರ ಇನ್ನೂ ಹೆಚ್ಚು.

ಇಡೀ ಟ್ರ್ಯಾಕ್ ಒಟ್ಟಿಗೆ ಕಲಿಯಲು ಹೋಗಬೇಡಿ. ಅತಿ ಉದ್ದದ ನೇರ ಭಾಗಕ್ಕೆ ಮುಂಚೆ ಬರುವ ತಿರುವನ್ನು ಮೊದಲು ಆರಿಸಿಕೊಳ್ಳಿ. ಅಲ್ಲಿಂದ ಗಂಟೆಗೆ 5 ಕಿ.ಮೀ. ಹೆಚ್ಚು ವೇಗದಲ್ಲಿ ಹೊರಬಂದರೆ ಅದರ ಲಾಭ ನೇರ ಭಾಗದ ಉದ್ದಕ್ಕೂ ಸಿಗುತ್ತದೆ. ಮಳೆ ಬಂದರೆ ಒಣ ದಿನದ ದಾರಿ ಬಿಡಿ. ಅಲ್ಲಿ ಮೆತ್ತಿಕೊಂಡ ರಬ್ಬರ್ ನೀರಿನಲ್ಲಿ ನುಣುಪಾಗುತ್ತದೆ, ಬಣ್ಣದ ಕರ್ಬ್ ಇನ್ನೂ ಹೆಚ್ಚು.

ಜಾರಿದಾಗ

ಮೂಗು ಹೊರಗೆ ತಳ್ಳಿದರೆ, ಅಂದರೆ ಅಂಡರ್‌ಸ್ಟೀರ್ ಆದರೆ, ಸ್ಟೀರಿಂಗ್ ಇನ್ನೂ ತಿರುಗಿಸುವ ಆಸೆ ತಡೆಯಿರಿ. ಸ್ವಲ್ಪ ಬಿಚ್ಚಿ, ಆಕ್ಸಿಲರೇಟರ್ ತುಸು ತಗ್ಗಿಸಿ, ಟೈರ್ ಮತ್ತೆ ಹಿಡಿಯುವವರೆಗೆ ಕಾಯಿರಿ. ಹಿಂಭಾಗ ಜಾರಿದರೆ ಹೋಗಬೇಕಾದ ದಿಕ್ಕಿಗೆ ಕಣ್ಣಿಟ್ಟು ಅತ್ತಲೇ ಸ್ಟೀರಿಂಗ್ ತಿರುಗಿಸಿ. ಆಕ್ಸಿಲರೇಟರ್ ಥಟ್ಟನೆ ಬಿಡಬೇಡಿ. ಕಾರು ನೇರವಾಗುತ್ತಿದ್ದಂತೆ ಸ್ಟೀರಿಂಗನ್ನೂ ಅಷ್ಟೇ ಬೇಗ ನೇರಕ್ಕೆ ತನ್ನಿ, ತಡವಾದರೆ ಕಾರು ಇನ್ನೊಂದು ಪಕ್ಕಕ್ಕೆ ಚಿಮ್ಮುತ್ತದೆ. ಆ ಎರಡನೆಯ ಜಾರಿಕೆ ಮೊದಲನೆಯದಕ್ಕಿಂತ ಕೆಟ್ಟದ್ದು.

ಹಿಡಿಯಲಾಗದೆ ಕಾರು ಗಿರಗಿರನೆ ತಿರುಗಿದರೆ ಎರಡೂ ಕಾಲು ಒಳಗೆ: ಕ್ಲಚ್ ಮತ್ತು ಬ್ರೇಕ್ ಪೂರ್ತಿ ಒತ್ತಿ ನಿಲ್ಲುವವರೆಗೆ ಹಿಡಿದಿರಿ. ಚಕ್ರಗಳು ಬ್ರೇಕ್‌ನಲ್ಲಿದ್ದರೆ ಕಾರು ಎತ್ತ ಸಾಗುತ್ತದೆ ಎಂಬುದನ್ನು ಹಿಂದಿನವರು ಊಹಿಸಬಹುದು. ನಿಂತ ಮೇಲೆ ಎಂಜಿನ್ ಶುರುಮಾಡಿ, ಮಾರ್ಷಲ್ ಸನ್ನೆ ಕೊಟ್ಟಾಗ ಮಾತ್ರ ಹೊರಡಿ. ಬೆಂಕಿಯ ಸುಳಿವಿಲ್ಲದಿದ್ದರೆ ಕಾರಿನಿಂದ ಇಳಿಯಬೇಡಿ.

ಎರಡು ಚಕ್ರ ಟ್ರ್ಯಾಕ್‌ನಿಂದ ಹೊರಗೆ ಇಳಿದಾಗ ಥಟ್ಟನೆ ಒಳಕ್ಕೆ ಎಳೆಯುವುದು ಅತಿ ದುಬಾರಿ ತಪ್ಪು. ಹುಲ್ಲಿನ ಮೇಲೆ ಹಿಡಿತವಿಲ್ಲದೆ ತಿರುಗಿದ್ದ ಟೈರ್ ಡಾಂಬರು ಮುಟ್ಟಿದ ಕ್ಷಣ ಪೂರ್ತಿ ಹಿಡಿದು ಕಾರನ್ನು ಎದುರು ಪಕ್ಕದ ಗೋಡೆಗೆ ಎಸೆಯುತ್ತದೆ. ಸ್ಟೀರಿಂಗ್ ನೇರ ಮಾಡಿ, ಬೇಕಾದರೆ ಉಳಿದೆರಡು ಚಕ್ರಗಳನ್ನೂ ಹೊರಗೆ ಬಿಡಿ, ವೇಗ ಇಳಿದ ಮೇಲೆ ಮೆಲ್ಲಗೆ ಒಳಗೆ ಬನ್ನಿ. ಆಮೇಲೆ ಪಿಟ್‌ಗೆ ಹೋಗಿ ಚಕ್ರದಲ್ಲಿ ಕಲ್ಲು, ರೇಡಿಯೇಟರ್‌ನಲ್ಲಿ ಹುಲ್ಲು ಸಿಕ್ಕಿದೆಯೇ ನೋಡಿ.

ತಣಿಸುವ ಲ್ಯಾಪ್

ಚೌಕುಳಿ ಬಾವುಟ ಕಂಡ ಮೇಲೆ ಒಂದು ಪೂರ್ತಿ ಲ್ಯಾಪ್ ಬ್ರೇಕನ್ನು ಆದಷ್ಟು ಮುಟ್ಟದೆ, ಮೇಲಿನ ಗೇರ್‌ನಲ್ಲಿ, ಗಾಳಿ ತಾಗುವಷ್ಟು ವೇಗದಲ್ಲಿ ಸುತ್ತಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕೆಂಡದಂಥ ಡಿಸ್ಕ್‌ಗೆ ಪ್ಯಾಡ್ ಒತ್ತಿಕೊಂಡೇ ಕೂತರೆ ಆ ಒಂದು ಜಾಗ ಬೇರೆ ರೀತಿ ತಣಿದು ಪ್ಯಾಡ್‌ನ ಪದರ ಅಲ್ಲಿ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ ಪೆಡಲ್ ಮೇಲೂ ಕಾಲಿಟ್ಟು ನಿಲ್ಲಬೇಡಿ. ಕೈಗೇರ್ ಆದರೆ ಗೇರ್‌ನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ತಾನಾಗಿ ಬೀಳುವ ಕಾರಿನಲ್ಲಿ ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡಿ. ಟರ್ಬೊ ಎಂಜಿನ್ ಆದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ನಡುವಿನ ಬಿಡುವಿನಲ್ಲಿ ಮೊದಲು ಗಾಳಿ ಅಳೆಯಿರಿ, ಆಮೇಲೆ ಪ್ಯಾಡ್ ದಪ್ಪ, ಎಂಜಿನ್ ಆಯಿಲ್, ಚಕ್ರದ ನಟ್ ನೋಡಿ. ನಂತರ ನೀರು ಕುಡಿದು ನೆರಳಿನಲ್ಲಿ ಕೂತುಕೊಳ್ಳಿ. ಮಧ್ಯಾಹ್ನದ ಮೇಲೆ ದೇಹ ದಣಿದಿರುತ್ತದೆ, ಧೈರ್ಯ ಮಾತ್ರ ಹೆಚ್ಚಿರುತ್ತದೆ. ಒಂದೇ ಲ್ಯಾಪ್‌ನಲ್ಲಿ ಎರಡು ಗುರುತು ತಪ್ಪಿದರೆ ಆ ಸೆಷನ್ ಅಲ್ಲಿಗೇ ನಿಲ್ಲಿಸಿ ಪಿಟ್‌ಗೆ ಬನ್ನಿ. ಕೊನೆಯ ಸೆಷನ್ ಬಿಟ್ಟು ಹೋಗುವುದರಿಂದ ಯಾರ ಕಲಿಕೆಯೂ ಕುಂದುವುದಿಲ್ಲ.

ಮನೆಗೆ ಹೊರಡುವ ಮುಂಚೆ

ಬಿಸಿಯಲ್ಲಿ ಬಿಟ್ಟ ಗಾಳಿಯನ್ನು ಮತ್ತೆ ತುಂಬಿ. ಬಿಸಿಯಲ್ಲಿ 37 ಇದ್ದ ಟೈರ್ ತಣ್ಣಗಾದಾಗ 30ರ ಆಸುಪಾಸಿಗೆ ಇಳಿದಿರುತ್ತದೆ, ಹೆದ್ದಾರಿಗೆ ಅದು ಸಾಲದು. ಪ್ಯಾಡ್ ಎಷ್ಟು ಉಳಿದಿದೆ ಎಂದು ಟಾರ್ಚ್ ಹಿಡಿದು ನೋಡಿ. ಉಕ್ಕಿನ ಫಲಕದ ಮೇಲೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾರನ್ನು ಬೇರೆ ವಾಹನದ ಮೇಲೆ ಹಾಕಿಕೊಂಡು ಹೋಗುವುದೇ ಲೇಸು. ಎಳೆಯುವ ಕೊಕ್ಕೆ ತೆಗೆಯಿರಿ, ಸ್ಟೆಪ್ನಿ ಹಾಗೂ ಜಾಕ್ ವಾಪಸ್ ಇಡಿ, ನಟ್‌ಗಳನ್ನು ಕೊನೆಯ ಸಲ ಬಿಗಿದು ನೋಡಿ. ಗೇಟು ದಾಟುವ ಮೊದಲು ನಿಧಾನದ ವೇಗದಲ್ಲಿ ಎರಡು ಸಲ ಬ್ರೇಕ್ ಒತ್ತಿ ಪೆಡಲ್ ಎತ್ತರ ಬೆಳಿಗ್ಗೆ ಇದ್ದಷ್ಟೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಮೆತ್ತಗಿದ್ದರೆ ಅಲ್ಲಿಯೇ ಗಾಳಿ ತೆಗೆಸಿ ಹೊರಡಿ.